ಒಲೆಕಟ್ಟೆಯ ಕೆಳಗಿನ ಎರಡು ಟೈಲ್ಸ್

ಶಿವಬಸವ ನಗರ, ಬೆಳಗಾವಿ
೧೧ ನವೆಂಬರ್ ೨೦೨೫

ಅಪ್ಪಾ,

ನಿನ್ನ ಪಾದಕ್ಕೆ ನೀಲಾಳ ನಮಸ್ಕಾರ. ಮೊದಲು ‘ತೀರ್ಥರೂಪ’ ಎಂದು ಬರೆದು ಹೊಡೆದುಹಾಕಿದೆ. ಓದಿದರೆ ನೀನು ನಗುತ್ತೀ ಎಂದು ಗೊತ್ತು. ಟ್ರೇನಿಂಗಿಗೆ ಬಂದ ವಾರವೇ ಕಾಗದ ಹಾಕುತ್ತೇನೆ ಎಂದವಳು ಇಷ್ಟು ದಿನ ಸುಮ್ಮನಿದ್ದೆ, ಬೈದುಕೋ. ದೀಪಾವಳಿಗೆ ಪಾರಿಶ್ವಾಡಕ್ಕೆ ಬಂದಾಗಲೂ ನಿನ್ನ ಎದುರಿಗೆ ಕುಳಿತು ಹೋಳಿಗೆ ತಿಂದು ಬಂದೆನೇ ಹೊರತು ಬಾಯಿ ಬಿಡಲಿಲ್ಲ. ಫೋನು ಮಾಡೋಣವೆಂದರೆ ನಿನಗೆ ಕೇಳುವುದಿಲ್ಲ. ಅವ್ವನಿಗೆ ಹೇಳಿದರೆ ನನ್ನ ಒಂದು ಮಾತಿಗೆ ತನ್ನ ನಾಲ್ಕು ಸೇರಿಸಿ ನಿನ್ನ ಕಿವಿಯಲ್ಲಿ ಕೂಗುತ್ತಾಳೆ, ಓಣಿಗೆಲ್ಲ ಗೊತ್ತಾಗುತ್ತದೆ. ಇದು ಓಣಿಗೆ ಕೇಳಿಸುವ ಮಾತಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಹಾಸ್ಟೆಲ್ಲಿನ ರೊಟ್ಟಿ ಮಾತ್ರ ಫರಸಿಕಲ್ಲಿನ ಹಾಗಿರುತ್ತದೆ, ಕಟರ್ ಹಚ್ಚಿಯೇ ತುಂಡು ಮಾಡಬೇಕು. ನನ್ನ ಜೊತೆಗಾತಿ ಕಾಂತಾ ಶಹಾಪುರದ ನೇಕಾರರ ಮನೆಯವಳು. ಟೈಲ್ಸಿನ ಸಂದು ಕೂದಲೆಳೆಯಷ್ಟು ಸೊಟ್ಟಗಾದರೂ ಕಿತ್ತು ಮತ್ತೆ ಹಾಕುತ್ತಾಳೆ. “ಮಗ್ಗದ ಮನ್ಯಾಗ ಹುಟ್ಟಿದಾಕಿ ನಾನು, ಎಳಿ ಸೊಟ್ಟ ಆದ್ರ ನಿದ್ದಿ ಹತ್ತೂದಿಲ್ಲ” ಎನ್ನುತ್ತಾಳೆ. ಕಲಿಸುವವರು ಲಕ್ಷ್ಮಪ್ಪ ಸರ್. ನೀನು ಮರಳು-ಸಿಮೆಂಟಿನ ಹಾಸಿಗೆ ಮಾಡಿ ಮೇಲೆ ಸಿಮೆಂಟಿನ ಹಾಲು ಸುರಿಯುತ್ತಿದ್ದೆಯಲ್ಲ, ಇಲ್ಲಿ ಹಾಗಲ್ಲ. ಚೀಲದಲ್ಲಿ ಬರುವ ಅಂಟಿನ ಪುಡಿಯನ್ನು ನೀರಲ್ಲಿ ಕಲಸಿ, ಹಲ್ಲಿರುವ ಥಾಪಿಯಿಂದ ಬಾಚಣಿಕೆ ಎಳೆದ ಹಾಗೆ ಗೆರೆ ಎಳೆದು ಟೈಲ್ಸ್ ಕೂರಿಸುವುದು. ಮೊದಲ ದಿನ ನಾನು ನಿನ್ನ ರೂಢಿಯಂತೆ ಮುಷ್ಟಿ ಸಿಮೆಂಟು ಉದುರಿಸಹೋಗಿ ಸರ್ ಕೈಲಿ ಬೈಸಿಕೊಂಡೆ.

ಹೋದ ವಾರ ಸರ್ ಒಂದು ಪರೀಕ್ಷೆ ಇಟ್ಟರು. ಷೆಡ್ಡಿನ ನೆಲಕ್ಕೆ ಟೈಲ್ಸ್ ಹಚ್ಚಿ, ಕೆಲವುಗಳ ಕೆಳಗೆ ಬೇಕೆಂದೇ ಪೊಳ್ಳು ಬಿಟ್ಟಿದ್ದರು. ನಾವು ಬಡಿದು ನೋಡಿ ಅವಕ್ಕೆ ಸೀಮೆಸುಣ್ಣದ ಖಡುವಿನಿಂದ ಗುರುತು ಹಾಕಬೇಕು. ಎಲ್ಲರೂ ಒಂದೆರಡು ತಪ್ಪಿದರು. ನನ್ನದು ಒಂದೂ ತಪ್ಪಲಿಲ್ಲ. “ಏನ ಕಿವಿ ಅದಾವ ತಂಗಿ ನಿನ್ನವು! ಯಾರು ಕಲಿಸ್ಯಾರ?” ಎಂದರು. “ನಮ್ಮಪ್ಪರೀ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಸರ್ ಹೇಳಿದರು, “ಟೈಲ್ಸ್ ಹಚ್ಚಾಕ ಯಾರಿಗೂ ಬರ್ತೈತಿ. ತಪ್ಪ ಆಗೇತಿ ಅಂತ ಗೊತ್ತಾದ ಮ್ಯಾಲ ಕಿತ್ತ ತಗಿಯಾಕ ಎದಿ ಬೇಕು.” ಅವರು ಎಲ್ಲರಿಗೂ ಹೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ನಾನು ಮಾತ್ರ ತಲೆ ತಗ್ಗಿಸಿದೆ.

ಅಪ್ಪಾ, ನಾವಿಬ್ಬರೂ ಟೈಲ್ಸ್ ಹಚ್ಚಿದ ಖಾನಾಪುರದ ಅಕ್ಕವ್ವನವರ ಅಡುಗೆಮನೆಯ ವಿಷಯ.

ಕಟರ್ ಮೆಷಿನ್ ನಿನ್ನ ಕಿವಿ ತಿಂದ ಮೇಲೆ ನಮ್ಮಿಬ್ಬರದು ಒಂದು ರೂಢಿಯಾಗಿತ್ತಲ್ಲ. ಹಚ್ಚಿದ ಟೈಲ್ಸನ್ನು ನೀನು ಥಾಪಿಯ ಹಿಡಿಕೆಯಿಂದ ಬಡಿದು ನನ್ನ ಮುಖ ನೋಡುತ್ತಿದ್ದೆ. ದನಿ ಗಟ್ಟಿ ಇದ್ದರೆ ನಾನು ತಲೆಯಾಡಿಸಬೇಕು, ಪೊಳ್ಳಿದ್ದರೆ ಕೈ ಎತ್ತಬೇಕು. ಕೈ ಎತ್ತಿದರೆ ನೀನು ಒಂದು ಮಾತೂ ಆಡದೆ ಕಿತ್ತು ಮತ್ತೆ ಹಚ್ಚುತ್ತಿದ್ದೆ. “ನನ್ನ ಕಿವಿ ಮಗಳ ತಲ್ಯಾಗ ಅದಾವ” ಎಂದು ಮಂದಿಯ ಮುಂದೆ ಹೇಳಿ ನಗುತ್ತಿದ್ದೆ.

ಚೌತಿ ಮುಗಿದ ವಾರ ಅವರ ಅಡುಗೆಮನೆಯ ಕೊನೆಯ ಸಾಲು ಉಳಿದಿತ್ತು, ಒಲೆಕಟ್ಟೆಯ ಕೆಳಗಿನದು. ಅದೇ ಮಧ್ಯಾಹ್ನ ಬೆಳಗಾವಿಯಲ್ಲಿ ಈ ಟ್ರೇನಿಂಗಿನ ಸಂದರ್ಶನ. ನೀನು ಬಡಿದೆ. ಮೂಲೆಯ ಎರಡು ಟೈಲ್ಸ್ ಪೊಳ್ಳು ದನಿ ಕೊಟ್ಟವು. ಕೈ ಎತ್ತಿದರೆ ಕಿತ್ತು, ಮತ್ತೆ ಕಲಸಿ, ಹಚ್ಚಿ ಮುಗಿಯುವ ಹೊತ್ತಿಗೆ ಬಸ್ಸು ಹೋಗುತ್ತಿತ್ತು. ಲಕ್ಷ್ಯ ಇರಲಿಲ್ಲ, ಕೇಳಿಸಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕೇಳಿಸಿತ್ತು ಅಪ್ಪಾ, ಸ್ವಚ್ಛ ಕೇಳಿಸಿತ್ತು. ಕೇಳಿಸಿಯೂ ನಿನ್ನ ಮುಖ ನೋಡಿ ತಲೆಯಾಡಿಸಿದೆ.

ಮುಂದಿನದು ನಿನಗೆ ಗೊತ್ತಿದ್ದದ್ದೇ. ತುಂಬಿದ ಸಿಲಿಂಡರ್ ಇಳಿಸಿದಾಗ ಅವೇ ಎರಡು ಸೀಳಿದವು. ಅಕ್ಕವ್ವನವರ ಯಜಮಾನರು ಗುರುಪುತ್ರಪ್ಪನವರು ನಮ್ಮ ಮನೆಯ ತನಕ ಬಂದು ಜೋರು ಮಾಡಿದರು. ನಾನೇನು ಮಾಡಿದೆ? ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುತ್ತ ಕುಳಿತೆ. ಒಳಗಿನ ಮಾತು ಕಿವಿಗೆ ಬೀಳಬಾರದೆಂದು ಕಲ್ಲಿನ ಮೇಲೆ ಜೋರಾಗಿ ಬಡಿಯುತ್ತಲೇ ಇದ್ದೆ. ಒಳಗೆ ಬಂದಾಗ ನೀನು ಥಾಪಿ, ತೂಗುಗುಂಡು, ಲೆವೆಲ್ ಪಟ್ಟಿ ಎಲ್ಲ ತೊಳೆದು ಎಣ್ಣೆ ಒರೆಸಿ ಅಟ್ಟಕ್ಕೆ ಏರಿಸುತ್ತಿದ್ದೆ. “ಕೈ ಸೋತೈತಿವಾ. ಇನ್ನ ನೀ ಹೊಸಾದು ಕಲಿ” ಎಂದೆ ನೀನು. ನಾನು ಬುತ್ತಿ ಕಟ್ಟಿಸಿಕೊಂಡು ಇಲ್ಲಿಗೆ ಬಂದೆ. ಈಗ ನೀನು ತಮ್ಮ ಅಮರನ ಕುರಿ ಹಿಂದೆ ಹೋಗುತ್ತೀಯಂತೆ. ಅವನೇ ಫೋನಿನಲ್ಲಿ ನಗುತ್ತ ಹೇಳಿದ, “ಅಪ್ಪ ಕುರಿಗೂ ಲೆವೆಲ್ ಹಚ್ಚಿ ನಿಂದರಸ್ತಾನ.” ನನಗೆ ನಗು ಬರಲಿಲ್ಲ.

ಪರೀಕ್ಷೆಯ ಮರುದಿನ ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಕೋರ್ಸಿನಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಉಳಿ, ಸುತ್ತಿಗೆ, ಅರ್ಧ ಚೀಲ ಅಂಟು ಕೊಟ್ಟು “ರವಿವಾರ ಹೋಗಿ ಬಾ” ಎಂದರು. ಮೊನ್ನೆ ರವಿವಾರ ಖಾನಾಪುರಕ್ಕೆ ಹೋದೆ. ಅಕ್ಕವ್ವನವರ ಹೊಸ್ತಿಲ ಹೊರಗೇ ನಿಂತು ಹೇಳಿದೆ, “ತಪ್ಪ ನಮ್ಮಪ್ಪಂದ ಅಲ್ರಿ ಅವ್ವಾರ, ನಂದು.” ಅವರು ಬಾಗಿಲನ್ನು ಪೂರ್ತಿ ತೆರೆದರು. “ಬಿಸಲಾಗ ಯಾಕ ನಿಂತಿ? ಒಳಗ ಬಾ, ಚಾ ಕುಡದು ಕೆಲಸಾ ಮಾಡು” ಎಂದರು.

ಪಕ್ಕದ ಟೈಲ್ಸಿಗೆ ಪೆಟ್ಟಾಗದಂತೆ ಒಡಕಲನ್ನು ಬಿಡಿಸಿದೆ. ಕೆಳಗೆ ಅಂಗೈ ಅಗಲದಷ್ಟು ಜಾಗಕ್ಕೆ ಸಿಮೆಂಟು ಮುಟ್ಟೇ ಇರಲಿಲ್ಲ. ಉಳಿದಲ್ಲೆಲ್ಲ ನಿನ್ನ ಕೆಲಸ ಬಂಡೆಯಂತಿತ್ತು, ಕೆರೆದು ತೆಗೆಯಲು ನನ್ನ ಕೈಗೆ ಬೊಬ್ಬೆ ಬಂದವು. ಅವರ ಮಾಳಿಗೆಯಲ್ಲಿ ಉಳಿದಿದ್ದ ಅದೇ ಬಣ್ಣದ ಟೈಲ್ಸ್ ತಂದು ಹಚ್ಚಿದೆ. ಮರುದಿನದವರೆಗೆ ಯಾರೂ ತುಳಿಯಬಾರದು ಎಂದದ್ದಕ್ಕೆ ಗುರುಪುತ್ರಪ್ಪನವರು ಅಡುಗೆಮನೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತ ಕಾವಲು ಕುಳಿತರು. ಹೆಂಡತಿ ಉಪ್ಪು ತರಲು ಹೋದರೂ ಬಿಡಲಿಲ್ಲ. ನಾನು ಹೊರಟಾಗ ಅವರೇ ಎದ್ದು ಬಂದರು. “ಅವತ್ತ ನಾ ಜರಾ ಜೋರ ಮಾತಾಡಿದೆ. ಮ್ಯಾಲಿನ ಖೋಲಿ ಇನ್ನೂ ಟೈಲ್ಸ್ ಇಲ್ಲದ ಹಂಗ ಐತಿ. ನಿಮ್ಮಪ್ಪ ರಾಯಪ್ಪನ್ನ ಕರಕೊಂಡ ಬಾ, ಇಬ್ಬರೂ ಕೂಡೇ ಮಾಡ್ರಿ” ಎಂದರು.

ಬಾ ಅಪ್ಪಾ. ಥಾಪಿ ಇಳಿಸು. ನೀನು ಕುರಿ ಕಾಯುವುದು ಕೀಳು ಎಂದಲ್ಲ, ನಮ್ಮ ಅಜ್ಜ-ಮುತ್ತಜ್ಜ ಮಾಡಿದ್ದೇ ಅದು. ಆದರೆ ನನ್ನ ಸುಳ್ಳಿಗೆ ನೀನು ನಿನ್ನ ಕೈಯನ್ನು ಬೈದುಕೊಂಡು ಗುಡ್ಡ ತಿರುಗುವುದು ನನ್ನಿಂದ ನೋಡಲಾಗುವುದಿಲ್ಲ. ನಿನಗೆ ಸಿಟ್ಟು ಬಂದರೆ ಬೈಯಿ, ಎರಡು ಹೊಡೆ. ಸುಮ್ಮನೆ ಮಾತ್ರ ಇರಬೇಡ.

ಅವ್ವನಿಗೆ ಮಂಡಿನೋವಿನ ಎಣ್ಣೆ ಕಳಿಸುತ್ತೇನೆ ಎಂದು ಹೇಳು. ಅಮರ ಈ ಕಾಗದ ಕೇಳಿದರೆ ಕೊಡಬೇಡ. ಬಿಸಿಲಲ್ಲಿ ಟೊಪ್ಪಿಗೆ ಮರೆಯಬೇಡ. ನಿನ್ನ ಆಶೀರ್ವಾದ ಬೇಡುವ ಮುಖ ನನಗಿಲ್ಲ, ಆದರೂ ಬೇಡುತ್ತೇನೆ.

ನಿನ್ನ ಮಗಳು,
ನೀಲಾ

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಚ್ಚಿದೆ. ಒಂದು ಮಾತು ಬರೆಯಲು ಕೈ ಬಂದಿರಲಿಲ್ಲ.

ತಪ್ಪು ನನ್ನದು ಎಂದಾಗ ಅಕ್ಕವ್ವ ನಂಬಿರಲಿಲ್ಲ. ಚಹಾ ಕೊಡುತ್ತ, “ಅಪ್ಪನ್ನ ಉಳಸಾಕ ಸುಳ್ಳ ಹೇಳಬ್ಯಾಡವಾ. ಆಂವಾ ಅವತ್ತ ನಮ್ಮ ಯಜಮಾನರ ಮುಂದ ಎಲ್ಲಾ ಒಪ್ಪಿಕೊಂಡಾನ” ಎಂದರು. ನಾನು ಹಿತ್ತಲಲ್ಲಿ ಬಟ್ಟೆ ಬಡಿಯುತ್ತಿದ್ದಾಗ ನೀನು ಗುರುಪುತ್ರಪ್ಪನವರಿಗೆ ಹೇಳಿದ್ದನ್ನು ಅಕ್ಕವ್ವನಿಂದಲೇ ಕೇಳಿದೆ. “ಮಗಳು ಕೈ ಎತ್ತಿದ್ಲರಿ. ನಾನ ಆಕಿ ಮಾತ ಕೇಳಲಿಲ್ಲ. ಆಕಿ ಕಿವಿ ಭಾಳ ಚಲೋ ಅದಾವರಿ, ನಾಳೆ ಆಕಿ ಕೆಲಸಾ ಕೇಳಾಕ ಬಂದ್ರ ಇಲ್ಲ ಅನಬ್ಯಾಡ್ರಿ.”

ಅಂದರೆ ನನ್ನ ಸುಳ್ಳು ನಿನಗೆ ಅವತ್ತೇ ಗೊತ್ತಿತ್ತು. ನಿನ್ನ ಕೈ ಸೋತಿರಲಿಲ್ಲ, ಸೋತಿದೆ ಎಂದು ಒಂದು ಕ್ಷಣ ನೀನು ನಂಬಿಯೂ ಇರಲಿಲ್ಲ. ಬಡಿದು ತಲೆ ಎತ್ತಿದರೆ ನಂಬಿ ನೋಡಲು ಒಂದು ಮುಖ ಉಳಿಯಲಿಲ್ಲ, ಅದಕ್ಕೆ ಥಾಪಿ ಅಟ್ಟ ಏರಿತು. ಇದು ಹೌದೋ ಅಲ್ಲವೋ ಎಂದು ನಾನು ಕೇಳುವುದಿಲ್ಲ.

ಬರುವ ರವಿವಾರ ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ದನಿ ಕೇಳಿ ಹೇಳಲು ನನ್ನ ಬದಲು ಕಿವಿಗೆ ಅಮರನನ್ನು ಕರೆದುಕೊಂಡು ಬಾ ಅಪ್ಪಾ. ನಾನು ಸಿಮೆಂಟು ಕಲಸುತ್ತೇನೆ.