ಹರಿಹರದ ವ್ಯಾನಿನ ಬಾಡಿಗೆ

ಅಂಬಿಕಾ,

ಫಸ್ಟ್ ಶಿಫ್ಟಿಗೆ ಹೊಂಟೀನಿ. ನಿನಗೂ ಕೂಸಿಗೂ ಈಗ ತಾನೆ ನಿದ್ದೆ ಹತ್ತೈತೆ, ಅದಕ್ಕೇ ಎಬ್ಬಿಸಲಿಲ್ಲ. ಮೆಣಸಿನ ಸಾರು ಒಲೆ ಮೇಲೈತೆ, ಬಿಸಿ ಮಾಡ್ಕೊಂಡೇ ಉಣ್ಣು.

ನಿನ್ನೆ ಸಂಜೆ ಆನೆಕೊಂಡದ ಓಣ್ಯಾಗ ಭೀಮವ್ವ ಸಿಕ್ಕಿದ್ಲು. ಇನ್ಮೇಲೆ ನಿನಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಎರೆಯೋಕೆ ಬರಬ್ಯಾಡ ಅಂದೀಯಂತೆ. ಯಾಕ ಅಂತ ಈಗ ದಿಂಬಿನ ಹತ್ರ ಬಿದ್ದಿದ್ದ ಹಾಳೆ ನೋಡಿದ ಮೇಲೆ ಗೊತ್ತಾತು. ಹೆರಿಗೆ ರಜೆಯಾಗ ಸಂಬಳ ಕೈಗೆಷ್ಟು ಬರ್ತದೆ ಅಂತ ಲೆಕ್ಕ ಹಾಕಿ, ಸಾಲದಂಗೆ ಕಂಡು, ಕೊನೆಗೆ ಭೀಮವ್ವನ ಹೆಸರು ಹೊಡೆದು ಹಾಕೀಯ. ನನಗೊಂದು ಮಾತು ಹೇಳಬಾರದಿತ್ತಾ? ನಿಮ್ಮವ್ವ ಇದ್ದಿದ್ರೆ ಬಾಣಂತಿಗೆ ಎಣ್ಣೆ-ನೀರು ಬಿಡಿಸ್ತಿದ್ಲಾ?

ಸಿಟ್ಟೇನೋ ಬಂತು. ಆದ್ರೆ ಮ್ಯಾಲಿನ ಸಾಲು ಓದಿ ನಗು ಬಂತು. ಪಿಎಫ್ ಕಳೆದಿದ್ದು ಸರಿ, ವೃತ್ತಿ ತೆರಿಗೆ ಕಳೆದಿದ್ದೂ ಸರಿ. ಪ್ರತಿ ತಿಂಗಳ ರೂಢಿಗೆ ಬಿದ್ದು ನೀನು ಕೆಲಸಕ್ಕೆ ಹೋಗೋ ಹರಿಹರದ ವ್ಯಾನಿನ ಬಾಡಿಗೆನೂ ಕಳೆದು ಕುಂತೀಯಲ್ಲ! ರಜೆ ಮುಗಿಯೋ ತನಕ ನೀನು ಆ ವ್ಯಾನು ಹತ್ತೋದಾದ್ರೂ ಎಲ್ಲಿ, ಹುಚ್ಚಿ? ಆ ದುಡ್ಡು ಭೀಮವ್ವಗೆ ಸರಿಹೋಗ್ತದೆ.

ಆಕೆಗೆ ಫೋನ್ ಮಾಡಿ ಹೇಳೀನಿ. ಹಂಡೆ ತುಂಬೀನಿ, ಎಣ್ಣೆ ಬಟ್ಲು ಬಚ್ಚಲ ಕಟ್ಟೆ ಮೇಲಿಟ್ಟೀನಿ. ಬಂದಾಗ ಸಬೂಬು ಹೇಳಿ ವಾಪಸ್ ಕಳಿಸಬ್ಯಾಡ. ಸುಮ್ನೆ ಬೆನ್ನು ಕೊಟ್ಟು ಕೂಡು.

ರಜೆ ಮುಗಿಯೋ ತನಕ ಭೀಮವ್ವನೇ ನಿನ್ನ ವ್ಯಾನು ಅನ್ಕೋ. ಇದಕ್ಕೆ ನೀನು ಓಡಿ ಹೋಗಿ ಕಾಯೋದು ಬ್ಯಾಡ, ಮನೆ ಬಾಗಿಲಿಗೇ ಬರ್ತದೆ.

ಅಶ್ವಥ್