ಬದುವಿನಾಚೆಗೂ ರವದಿ

ಬಾಳವ್ವಾ,

ನಾನು ನೀಲಗಂಗವ್ವ. ಘೋಡಗೇರಿಯ ಗೌಡರ ಮನೆಯ ಹಿರಿಸೊಸೆ, ಹೈಸ್ಕೂಲು ಕಲಿತವಳು. ಈ ಮನೆಯಲ್ಲಿ ಇಂದಿಗೂ ನನ್ನ ಮಾತೇ ನಡೆಯುತ್ತದೆ. ತೀರಿಹೋದ ನೆಗೆಣ್ಣಿಗೆ ಕಾಗದ ಬರೆಯುವುದು ನನ್ನ ಸ್ವಭಾವವಲ್ಲ. ಆದರೂ ಇದನ್ನು ನಿನಗೇ ಹೇಳಬೇಕು.

ಈ ವರ್ಷ ಕಬ್ಬು ಕಡಿದ ಮೇಲೆ ರವದಿ ಸುಡಿಸಲಿಲ್ಲ. ನೀನು ಹೇಳುತ್ತಿದ್ದಂತೆ ಆ ಒಣಗರಿಯನ್ನು ಸಾಲುಗಳ ನಡುವೆ ಹಾಸಿಸಿದೆ. ಮಗ ಮಲಗೌಡ ನಕ್ಕ.

"ಅವ್ವಾ, ಎಲ್ಲಾರೂ ಸುಟ್ಟು ಹೊಲ ಹಸನ ಮಾಡ್ಯಾರ. ನಾವಷ್ಟ ಹೊಲಕ್ಕ ಹಾಸಿಗಿ ಹಾಸೇವಿ."

"ಮಲಗೋದು ನೆಲ. ನಿನಗ್ಯಾಕ ನಿದ್ದಿ ಬರವಲ್ದು?" ಎಂದೆ.

ಇಂದು ರವದಿ ಸರಿಸಿ ನೋಡಿದೆ. ಈ ಬಿಸಿಲಲ್ಲೂ ಮಣ್ಣು ತಂಪಾಗಿತ್ತು, ಮೆತ್ತಗಿತ್ತು. ಎರೆಹುಳುಗಳಿದ್ದವು. ಕೂಳೆ ಕಬ್ಬು ಹಸಿರಾಗಿ ಎದ್ದಿದೆ. ಮನಸ್ಸು ತುಂಬಿತು. ಬದುವಿನಾಚೆ ನಿನ್ನ ಹೊಲ ಮಾತ್ರ ಬಿರುಕು ಬಿಟ್ಟಿತ್ತು. ಅಲ್ಲಿ ನಿನ್ನ ಸೊಸೆ ಚಂಪವ್ವ ಹೊಸದಾಗಿ ನೆಟ್ಟ ಕಬ್ಬಿನ ಚಿಗುರು ಬಾಡುತ್ತಿತ್ತು. ನಮ್ಮಲ್ಲಿ ಉಳಿದ ರವದಿಯನ್ನೆಲ್ಲ ಬಂಡಿಗೆ ಹೇರಿಸಿ, ಮುಂದೆ ನಾನೇ ನಡೆದೆ.

ಚಂಪವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ದೊಡ್ಡತ್ತಿ, ನಮ್ಮತ್ತಿ ವರ್ಷಾ ವರ್ಷಾ ರವದಿ ಕೇಳತಿದ್ರು. ಆವಾಗ ಸುಟ್ಟು ಬೂದಿ ಮಾಡಿದ್ರಿ. ಈಗ ಹೆಂಗ ಕೊಡಾಕ ಬಂದ್ರಿ?"

ನಾನು ಬಂಡಿಯವನ ಕಡೆ ತಿರುಗಿ, "ಎತ್ತು ಹೊಡಿಯೋ," ಎಂದೆ.

ಸಂಜೆಯೊಳಗೆ ನಿನ್ನ ಹೊಲದಲ್ಲೂ ಸಾಲುಸಾಲಿಗೆ ರವದಿ ಹಾಸಿಯಾಯಿತು. ಚಂಪವ್ವ ಮಜ್ಜಿಗೆ ತಂದಳು, ಕುಡಿದೆ.

ಬಂಡಿ ದಾಟಲು ಬದುವಿನ ಮುಳ್ಳುಬೇಲಿ ಕೀಳಿಸಬೇಕಾಯಿತು. ಮನೆ ಪಾಲಾದ ವರ್ಷ ನಾನು ಹಾಕಿಸಿದ್ದ ಬೇಲಿ ಅದು. ಮತ್ತೆ ಹಾಕಿಸುವುದಿಲ್ಲ. ಮುಳ್ಳನ್ನೆಲ್ಲ ನೀರೊಲೆಗೆ ಒಟ್ಟಿ ಉರಿಸಿದ್ದೇನೆ.