ಉಣಕಲ್ಲಿಗೆ ಹೋದ ಡೇರೆ ಗಡ್ಡೆಗಳು

ಸಪ್ತಾಪುರ, ಧಾರವಾಡ
೯ ಮೇ ೨೦೨೫

ಪ್ರೀತಿಯ ಸುಕನ್ಯಾ,

ನಿನಗೂ ಅಳಿಯಂದಿರಿಗೂ ಅವ್ವನ ಆಶೀರ್ವಾದ. ನಾನು, ನಿಮ್ಮಪ್ಪ ಇಬ್ಬರೂ ಆರಾಮಾಗಿದ್ದೇವೆ. "ಅವ್ವ, ಯಾಕ ಸುಮ್ಮನಾದಿ?" ಎಂದು ನೀನು ಮೇಲಿಂದ ಮೇಲೆ ಮೆಸೇಜು ಹಾಕಿದೆ. ಉತ್ತರ ಬರೆಯಲು ತಡಮಾಡಿದೆ, ಸಿಟ್ಟಾಗಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಯಾವಾಗಲೂ ಅಡುಗೆಮನೆಯ ಕಟ್ಟೆಯ ಮೇಲೆ ಸ್ಪೀಕರಿನಲ್ಲಿರುತ್ತದೆ. ನಾನು ಒಂದು ಮಾತಾಡಿದರೆ ನಿನ್ನ ಅತ್ತೆ ಆ ಕಡೆಯಿಂದ ಎರಡು ಮಾತಾಡುತ್ತಾರೆ. ಅದಕ್ಕೇ ಈ ಕಾಗದ. ಒಬ್ಬಳೇ ಕೂತು ಓದು.

ಇಲ್ಲಿ ಬಿಸಿಲು ಹೇಳತೀರದು. ನನ್ನ ಮಾಳಿಗೆಯ ಮೇಲಿನ ಕುಂಡಗಳಲ್ಲಿ ಡೇರೆ ಹೂವಿನ ಗಡ್ಡೆಗಳು ಮಳೆಗಾಲಕ್ಕೆ ಕಾಯದೆ ಕಣ್ಣು ಒಡೆದಿವೆ. ಹಸಿ ಗೋಣಿಚೀಲದ ನೆರಳು ಕಟ್ಟಿದ್ದೇನೆ. ಮಧ್ಯಾಹ್ನ ನಿಮ್ಮಪ್ಪ ಮಲಗಿದ ಮೇಲೆ ಮಾಳಿಗೆಗೆ ಹೋಗಿ ಚೀಲಕ್ಕೆ ಇನ್ನೊಮ್ಮೆ ನೀರು ಚಿಮುಕಿಸಿ ಬರುತ್ತೇನೆ. ಎಳೆ ಚಿಗುರು ಒಂದು ತಾಸು ಬಿಸಿಲಿಗೆ ಸಿಕ್ಕರೂ ಸಾಕು, ಕರಿದ ಸೊಪ್ಪಿನಂತೆ ಆಗುತ್ತದೆ.

ಇದನ್ನೆಲ್ಲ ಯುಗಾದಿಗೆ ನೀನು ಬಂದಾಗಲೇ ಹೇಳಿದ್ದೆ. ನಿಮ್ಮಜ್ಜಿಯ ಹಿತ್ತಲಿನಿಂದ ಬಂದ ದಟ್ಟ ಕೆಂಪು ಡೇರೆಯ ಗಡ್ಡೆಗಳನ್ನು ಉಸುಕಿನಿಂದ ತೆಗೆದು, ಒಂದೊಂದನ್ನೂ ಒರೆಸಿ, ಕಾಗದದಲ್ಲಿ ಸುತ್ತಿಕೊಟ್ಟೆ. ಆ ಬಣ್ಣಕ್ಕೆ ಫಲಪುಷ್ಪ ಪ್ರದರ್ಶನದಲ್ಲಿ ನನಗೆ ಎಷ್ಟು ಸಲ ಬಹುಮಾನ ಬಂದಿದೆ ನಿನಗೆ ಗೊತ್ತು. ಇದುವರೆಗೆ ಯಾರಿಗೂ ಕೊಟ್ಟಿರಲಿಲ್ಲ. ನೀನು ಕೇಳಿದೆ ಎಂದು ಕೊಟ್ಟೆ. ಮಳೆ ಹಿಡಿದ ಮೇಲೆ ಮಣ್ಣಿಗೆ ಹಚ್ಚು, ಚಿಗುರು ಕಾಣುವವರೆಗೆ ನೀರು ಹೆಚ್ಚು ಹಾಕಬೇಡ ಎಂದೆ. ನೀನು ತಲೆಯಾಡಿಸಿದೆ.

ನಾಲ್ಕು ದಿನವೂ ಆಗಿರಲಿಲ್ಲ. "ಅವ್ವ, ಗಡ್ಡಿ ಎಲ್ಲಾ ಅತ್ತಿ ಆಗಲೇ ಹಚ್ಚಿಬಿಟ್ರು" ಎಂದು ಫೋನು ಮಾಡಿದೆ. ಆಗಲೇ ನನಗೆ ತಿಳಿಯಿತು. ನೀನು ಕೇಳಿದ್ದು ನಿನಗಾಗಿ ಅಲ್ಲ, ಅವರಿಗಾಗಿ.

ನಿನ್ನ ಅತ್ತೆ ಸತ್ಯವ್ವನವರ ಬಗ್ಗೆ ನಾನು ಕೆಟ್ಟದ್ದು ಹೇಳುವವಳಲ್ಲ. ಆದರೆ ಡೇರೆಯ ವಿಷಯದಲ್ಲಿ ಅವರಿಗೆ ತಲೆ ಯಾವುದು ಬಾಲ ಯಾವುದು ತಿಳಿಯದು. ಕೆಲವು ಗಡ್ಡೆಗಳನ್ನು ತಲೆಕೆಳಗಾಗಿ ಹುಗಿದರು. ಎರಡು ಹೊತ್ತೂ ನೀರು ಸುರಿದರು. ಉಳಿದ ಮಜ್ಜಿಗೆಯನ್ನೂ ಅಂಗಳದ ಆ ಪಾತಿಗೇ ಹಾಕಿದರು. ಅರ್ಧಕ್ಕರ್ಧ ಕೊಳೆತುಹೋದವು. ಅದನ್ನು ನೀನು ನಗುತ್ತ ಹೇಳಿದೆ, ಹಿಂದೆ ಅವರೂ ನಗುತ್ತಿದ್ದರು. ಉಳಿದವು ಚಿಗುರಿದಾಗ ನೀನು ಏನಂದೆ, ನೆನಪಿದೆಯೇ? "ಅತ್ತಿ ಕೈಗುಣ ಭಾಳ ಛಲೋ ಐತವ್ವಾ." ನನ್ನ ಕೈ ನೋಡುತ್ತ ಬೆಳೆದ ಮಗಳು ನೀನು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಅದಾದ ಮೇಲೆ ದಿನವೂ ಒಂದು ಫೋಟೋ. ಅತ್ತೆಯೂ ಚಿಗುರೂ. ಅತ್ತೆಯೂ ನೀರಿನ ತಂಬಿಗೆಯೂ. ನಾನು ಪ್ರತಿಯೊಂದಕ್ಕೂ ಕೈಮುಗಿಯುವ ಚಿತ್ರ ಕಳಿಸಿದೆ.

ಕಳೆದ ತಿಂಗಳು ಆಲಿಕಲ್ಲು ಬಿದ್ದ ದಿನ ನಾನು ಹೇಳದೆ ಕೇಳದೆ ನಿಮ್ಮ ಮನೆಗೆ ಬಂದೆನಲ್ಲ, ಅದು ಹೇಗಾಯಿತೆಂದು ನಿನಗೆ ಹೇಳಿಲ್ಲ. ಮಧ್ಯಾಹ್ನ ಹುಬ್ಬಳ್ಳಿಯ ದಿಕ್ಕಿನಲ್ಲಿ ಮೋಡ ಹಳದಿಗಟ್ಟಿತ್ತು. ಅಂಥ ಮೋಡ ಕಲ್ಲು ಸುರಿಸದೆ ಹೋಗುವುದಿಲ್ಲ. ನನ್ನ ಕುಂಡಗಳನ್ನು ಜಿನೆಯ ಮೆಟ್ಟಿಲ ಕೆಳಗೆ ಸರಿಸಿ, ಗಿಡಗಳ ಮೇಲೆ ಕಟ್ಟುವ ಹಸಿರು ಜಾಳಿಗೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟೆ. ನಿಮ್ಮಪ್ಪ ಬಾಗಿಲಲ್ಲಿ ನಿಂತು, "ಗಿಡ ನೋಡಾಕ ಹೊಂಟಿಯೋ, ಮಗಳನ್ನ ನೋಡಾಕೋ? ಖರೇ ಹೇಳು" ಎಂದರು. ಹುಬ್ಬಳ್ಳಿ ಕಡೆಯ ಚಿಗರಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ: ಇವತ್ತು ನನ್ನ ಜಾಳಿಗೆಯಿಂದ ಆ ಗಿಡಗಳು ಉಳಿಯಬೇಕು, ಅದನ್ನು ನೀನು ನೋಡಬೇಕು.

ಉಣಕಲ್ಲಿನಲ್ಲಿ ಇಳಿಯುವಷ್ಟರಲ್ಲಿ ಮಳೆ ಶುರುವಾಗಿತ್ತು. ನಿಮ್ಮ ಓಣಿ ತಿರುಗುವಾಗ ಕಲ್ಲು ಬೀಳತೊಡಗಿದವು. ಗೇಟು ತೆಗೆದು ನೋಡುತ್ತೇನೆ, ಸತ್ಯವ್ವನವರು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದು ಗಿಡದ ಮೇಲೂ ಒಂದೊಂದು ಪಾತ್ರೆ ಬೋರಲು ಹಾಕುತ್ತಿದ್ದರು. ಹಾಲಿನ ಪಾತೇಲಿ, ಸಾರಿನ ಬೋಗುಣಿ, ಕೊನೆಗೆ ರೊಟ್ಟಿಯ ಬುಟ್ಟಿ. ಕಲ್ಲು ಪಾತ್ರೆಯ ಮೇಲೆ ಬಿದ್ದು ಠಣಠಣ ಸದ್ದು. ಅವರ ತಲೆಯ ಮೇಲೆ ಸೆರಗು ಬಿಟ್ಟರೆ ಏನೂ ಇರಲಿಲ್ಲ. ನೀನು ಬಾಗಿಲಲ್ಲಿ ನಿಂತು ಕೂಗಿದೆ:

"ಅವ್ವಾ, ಒಳಗ ಬಾ. ತಲಿಗೆ ಬಡೀತಾವ."

ನಾನು "ಬಂದ್ನೆವ್ವಾ" ಎಂದೆ.

ಅವರೂ "ಬಂದ್ನೆವ್ವಾ" ಎಂದರು.

ಆಗ ನೀನು ನನ್ನ ಕಡೆ ತಿರುಗಿದೆ. ನಿನ್ನ ಮುಖದಲ್ಲಿ ಇದ್ದದ್ದು ಆಶ್ಚರ್ಯ. ನಾನು ಗೇಟಿನಲ್ಲಿ ಇದ್ದೇನೆಂಬುದೇ ನಿನಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೂ ನಾನು ಕೇಳಿದಂತೆ ಅವರು ನಿನಗೆ 'ಅತ್ತಿ' ಆಗಿದ್ದರು, ಸುಕನ್ಯಾ.

ಒಳಗೆ ಬಂದ ಮೇಲೆ ನೀನು ಟವೆಲ್ಲು ತಂದು ಮೊದಲು ಅವರ ತಲೆ ಒರೆಸಿದೆ. ಆಮೇಲೆ ಇನ್ನೊಂದು ತಂದು ನನ್ನ ಕೈಗೆ ಕೊಟ್ಟೆ. "ಯಾಕ್ರೀ ಅಕ್ಕಾರ, ಇಂಥಾ ಮಳ್ಯಾಗ ಬಂದ್ರಿ? ಪೂರಾ ತೋಯ್ದೀರಲ್ರಿ" ಎಂದು ಅವರೇ ತಮ್ಮ ಒಣ ಸೀರೆ ಕೊಟ್ಟರು. ನನ್ನ ಚೀಲದಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಜಾಳಿಗೆಯನ್ನು ನಾನೂ ಹೊರಗೆ ತೆಗೆಯಲಿಲ್ಲ.

ಮಳೆ ನಿಂತ ಮೇಲೆ ಅವರು ಅನ್ನ ಆಯಿತೇ ಎಂದು ನೋಡುವವರಂತೆ ಒಂದೊಂದೇ ಪಾತ್ರೆ ಎತ್ತಿದರು. "ಉಳದಾವ್ರಿ ಅಕ್ಕಾರ, ಎಲ್ಲಾ ಉಳದಾವ." ನೀನು ಅದನ್ನೂ ಫೋಟೋ ತೆಗೆದೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಎಲ್ಲಕ್ಕಿಂತ ಗಟ್ಟಿಯಾಗಿ, ಎತ್ತರವಾಗಿ ಬಂದಿದ್ದ ಗಿಡವನ್ನೇ ತೋರಿಸಿ, "ಇದರ ಬೇರು ಅಲುಗಾಡೇತಿ, ಇಲ್ಲಿ ಉಳಿಯೂದಿಲ್ಲ. ನಾ ಒಯ್ತೇನಿ" ಎಂದೆ. ಬೇರು ಅಲುಗಾಡಿರಲಿಲ್ಲ. ನೀನು ನನ್ನ ಮುಖ ನೋಡಿದೆ. ನಿನಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು.

ಅವರು ಮಾತ್ರ, "ಒಯ್ರಿ ಅಕ್ಕಾರ, ನಿಮ್ಮ ಕೈಯಾಗಾದ್ರ ಬದುಕತೈತಿ" ಎಂದು ಮಣ್ಣಿನ ಹೆಂಟೆಯ ಸಮೇತ ಎತ್ತಿ, ಹಳೆಯ ಎಣ್ಣೆ ಡಬ್ಬಿಯಲ್ಲಿ ಕೂಡಿಸಿಕೊಟ್ಟರು. ಬಸ್ ನಿಲ್ದಾಣದವರೆಗೂ ಬಂದರು. ಒಳಗೆ ಹೋಗುತ್ತಿದ್ದ ಒಬ್ಬ ಹುಡುಗಿಗೆ, "ತಂಗೀ, ಇವರಿಗೆ ಒಂದು ಸೀಟ್ ಕೊಡಸವ್ವಾ, ಕೈಯಾಗ ಗಿಡ ಐತಿ" ಎಂದು ಹೇಳಿದರು. ಅವರು ಒಂದು ಕೊಂಕು ಮಾತಾಡಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು.

ಆ ಗಿಡ ಇಲ್ಲಿಗೆ ಬಂದ ಮಾರನೆಯ ದಿನವೇ ಬಾಡಿ ಜೋತುಬಿತ್ತು. "ಛಲೋ ಇದ್ದದ್ದನ್ನ ಕಿತಗೊಂಡು ಬಂದಿ, ಈಗ ಅದರ ಮುಂದ ಕುಂತಿ" ಎಂದರು ನಿಮ್ಮಪ್ಪ. ನಿಜ. ಕೂತೆ. ಎಲೆಗೆ ನೀರು ಚಿಮುಕಿಸಿದೆ, ಬುಟ್ಟಿ ಮುಚ್ಚಿದೆ, ಸಂಜೆ ತೆಗೆದೆ, ಬೆಳಿಗ್ಗೆ ಮತ್ತೆ ಮುಚ್ಚಿದೆ. ಕೆಳಗಿನ ಎಲೆಗಳೆಲ್ಲ ಉದುರಿದವು. ನಿನ್ನೆ ದಂಟಿನ ಸಂದಿಯಲ್ಲಿ ಹೊಸ ಎಲೆಯ ಜೋಡಿ ಕಾಣಿಸಿದೆ. ಇನ್ನು ಭಯವಿಲ್ಲ. ಮಳೆಗಾಲಕ್ಕೆ ಅದನ್ನು ನಿಮ್ಮ ಮನೆಗೆ ವಾಪಸು ಕಳಿಸಬೇಕು. ಕಳಿಸುತ್ತೇನೋ ಇಲ್ಲವೋ, ಇವತ್ತು ಕೇಳಿದರೆ ಹೇಳಲಾರೆ.

ನಿನ್ನ ಅತ್ತೆಗೆ ಒಂದು ಮಾತು ಹೇಳು. ಕಲ್ಲು ನಿಂತ ಕೂಡಲೇ ಪಾತ್ರೆ ತೆಗೆಯಬೇಕು. ಸ್ಟೀಲು ಬಿಸಿಲಿಗೆ ಕಾದರೆ ಒಳಗಿನ ಗಿಡ ಬೆಂದುಹೋಗುತ್ತದೆ. ಗಿಡ ಮೊಣಕೈಯಷ್ಟು ಎತ್ತರವಾಗುವ ಮೊದಲೇ ಪಕ್ಕದಲ್ಲಿ ಕೋಲು ನೆಟ್ಟು ಸಡಿಲಾಗಿ ಕಟ್ಟಬೇಕು. ಪಡುವಣದ ಬಿಸಿಲಿಗೆ ಮರೆ ಮಾಡಬೇಕು. ನಾನು ಹೇಳಿದೆನೆಂದು ಹೇಳಿದರೂ ಆಯಿತು, ಬಿಟ್ಟರೂ ಆಯಿತು.

ವೇಳೆಗೆ ಸರಿಯಾಗಿ ಊಟ ಮಾಡು. ನೀನು, ಅಳಿಯಂದಿರು ತಂಪಾಗಿರಿ. ಸತ್ಯವ್ವನವರಿಗೂ ನನ್ನ ನಮಸ್ಕಾರ.

ನಿನ್ನ ಅವ್ವ,
ದ್ರಾಕ್ಷಾಯಿಣಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಅವತ್ತು ನೀನು ಚಹಾಕ್ಕೆ ಹಾಲು ತರಲು ಅಂಗಡಿಗೆ ಹೋದಾಗ, ಸೀರೆಯ ನೆರಿಗೆ ಸರಿ ಮಾಡಿಕೊಡುತ್ತ ಸತ್ಯವ್ವನವರು, "ಹೊಟ್ಟೀ ಆಪರೇಶನ್ ಆದಮ್ಯಾಲೆ ಒಂದು ಕೊಡಾನೂ ಎತ್ತಗೊಡಂಗಿಲ್ರಿ ಸುಕನ್ಯಾಗ. ಡಾಕ್ಟರು ಹೇಳ್ಯಾರ" ಎಂದರು. ನನ್ನ ಕೈಯಲ್ಲಿದ್ದ ಸೆರಗು ಹಾಗೇ ನಿಂತಿತು. ಅವರು ನನಗೆ ಗೊತ್ತಿದೆ ಎಂದೇ ತಿಳಿದಿದ್ದರು. "ನಿಮಗ ಮೊಣಕಾಲು ಭಾಳ ಬ್ಯಾನಿ ಇತ್ತಂತಲ್ರಿ ಆವಾಗ. ಅವ್ವಗ ಬರಾಕ ಆಗೂದಿಲ್ಲ ಅಂತ ಸುಕನ್ಯಾ ಹೇಳಿದ್ಲು. ಚಿಂತಿ ಮಾಡಬ್ಯಾಡ್ರಿ, ದವಾಖಾನ್ಯಾಗ ನಾ ಅಕಿ ಮಂಚದ ಬಾಜೂಕ ನೆಲದ ಮ್ಯಾಲೆ ಮಲಗತಿದ್ದೆ" ಎಂದು ನನಗೇ ಸಮಾಧಾನ ಹೇಳಿದರು.

ನಾನು, "ಹೌದ್ರಿ, ಮೊಣಕಾಲು" ಎಂದೆ. ನಿನ್ನ ಮಾತನ್ನು ಸುಳ್ಳು ಮಾಡಲಿಲ್ಲ.

ನನ್ನ ಮೊಣಕಾಲಿಗೆ ಯಾವತ್ತೂ ಏನೂ ಆಗಿಲ್ಲ. ನೀನು ಕರೆದಿದ್ದರೆ ಧಾರವಾಡದಿಂದ ನಡೆದೇ ಬರುತ್ತಿದ್ದೆ. ಯಾಕೆ ಮುಚ್ಚಿಟ್ಟೆ ಎಂದು ಕೇಳುವುದಿಲ್ಲ. ಈಗ ನೋವಿದೆಯೋ ಇಲ್ಲವೋ, ಅಷ್ಟು ಬರಿ. ಆ ನೆಲದ ಮೇಲೆ ಮಲಗುವ ಜಾಗ ನನ್ನದಾಗಿತ್ತು, ಸುಕನ್ಯಾ.